ಅಪ್ಪಾಜಿಯನ್ನು ನೋಡಿಕೊಳ್ಳಲು ಜನ ಹುಡುಕಿದ್ದು ಹೀಗೆ

ಹೋಮ್ ನರ್ಸ್ ಏಜೆನ್ಸಿಗೆ ಫೋನ್ ಮಾಡುವ ಮೊದಲು, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅಪ್ಪಾಜಿಗೆ ಯಾವಾಗ ಏನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದೆ. ಲಕ್ವ ಹೊಡೆದು ಅವರ ಎಡಭಾಗ ಸೋತಿತ್ತು. ಸ್ನಾನ, ಬಟ್ಟೆ, ಊಟ, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಮಾತ್ರೆ ನೆನಪಿಸುವುದು, ಸಂಜೆ ಜೊತೆಗೆ ಕೂತು ನಾಲ್ಕು ಮಾತಾಡುವುದು. ಇಷ್ಟೇ. ಇಂಜೆಕ್ಷನ್, ಮೂತ್ರದ ಪೈಪ್, ಗಾಯದ ಡ್ರೆಸ್ಸಿಂಗ್ ಯಾವುದೂ ಇರಲಿಲ್ಲ. ಅವೆಲ್ಲ ಇದ್ದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರೇ ಬೇಕು. ನಮ್ಮ ದಾವಣಗೆರೆಯಲ್ಲಿ ನರ್ಸಿಂಗ್ ಓದಿದವರನ್ನೂ, ಬರೀ ನೋಡಿಕೊಳ್ಳಲು ಬರುವವರನ್ನೂ ಹೋಮ್ ನರ್ಸ್ ಅಂತಲೇ ಕರೆಯುತ್ತಾರೆ, ಹಾಗಾಗಿ ಏನು ಓದಿದ್ದಾರೆ ಅಂತ ನೇರವಾಗಿ ಕೇಳಿ.

ಒಂದು ಏಜೆನ್ಸಿಯವರು ಅಡ್ವಾನ್ಸ್ ಹಾಕಿ, ನಾಳೆನೇ ಕಳಿಸ್ತೀವಿ ಅಂದರು. ರಜೆ ಹಾಕಿದರೆ ಬದಲಿ ಯಾರು, ಮಧ್ಯದಲ್ಲಿ ಬಿಟ್ಟು ಹೋದರೆ ಉಳಿದ ದುಡ್ಡು ವಾಪಸ್ ಬರುತ್ತಾ, ನಾವು ಕೊಡುವುದರಲ್ಲಿ ಕೆಲಸದವರ ಕೈಗೆ ಎಷ್ಟು ಸೇರುತ್ತೆ ಅಂದರೆ ಉತ್ತರವೇ ಇಲ್ಲ. ಬಿಟ್ಟೆ. ಇನ್ನೊಂದು ಕಡೆ ಎಲ್ಲವನ್ನೂ ಬರೆದುಕೊಟ್ಟರು, ಪೊಲೀಸ್ ವೆರಿಫಿಕೇಷನ್ ಪತ್ರವನ್ನೂ ತೋರಿಸಿದರು. ಸಂಬಳದ ಪ್ರಶ್ನೆ ಬಿಡಬೇಡಿ. ಕೈಗೆ ಸರಿಯಾಗಿ ದುಡ್ಡು ಸೇರದವರು ಎಷ್ಟು ದಿನ ಅಂತ ನಿಲ್ತಾರೆ? ಹಾಸಿಗೆ ಹಿಡಿದವರಿಗೆ ಪದೇ ಪದೇ ಹೊಸ ಮುಖ ತುಂಬಾ ಕಷ್ಟ.

ಸ್ನಾನ ಮಾಡಿಸಬೇಕಲ್ವಾ, ಗಂಡಸರೇ ಬೇಕು ಅಂದಿದ್ದೆ. ಹರಿಹರದ ಕಡೆಯ ಒಬ್ಬ ಅಣ್ಣ ಬಂದರು. ಮೊದಲ ದಿನ ಸುಮ್ನೆ ಅವರ ಕೈ ನೋಡುತ್ತಾ ಕೂತೆ. ಅಂಗಿ ತೊಡಿಸುವಾಗ ಮೊದಲು ಸೋತ ಎಡಗೈ, ಆಮೇಲೆ ಬಲಗೈ. ಬಿಚ್ಚುವಾಗ ಎಡಗೈ ಕೊನೆಗೆ. ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಲಿಲ್ಲ. ಹಾಗೆ ಎಳೆದರೆ ಭುಜದ ಕೀಲು ಜಾರಬಹುದು ಅಂತ ಫಿಸಿಯೋಥೆರಪಿಯವರು ನಮಗೆ ಹೇಳಿದ್ದರು. "ಅಜ್ಜಾ, ಈಗ ಏಳೋಣಾ?" ಅಂತ ಕೇಳಿ, ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿದರು. ಊಟಕ್ಕೆ ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ್ದು ನೋಡಿಯೇ ಇನ್ನೊಂದು ಕೊಟ್ಟರು. ಅಪ್ಪಾಜಿ ಮಂಡಕ್ಕಿಗೆ ಹಟ ಹಿಡಿದರೂ, ಗಂಟಲಿಗೆ ಸಿಕ್ಕುತ್ತೆ ಅಂತ ಕೊಡಲಿಲ್ಲ. ಸರ್ಟಿಫಿಕೇಟಿಗಿಂತ ಇದೇ ನನಗೆ ಜಾಸ್ತಿ ಧೈರ್ಯ ಕೊಟ್ಟಿತು.

ಮನೆಯವರೆಲ್ಲರ ಪಾತ್ರೆ, ಬಟ್ಟೆ ಅವರ ಕೆಲಸ ಅಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿದ್ದೆ. ವಾರಕ್ಕೊಂದು ದಿನ ಅವರಿಗೆ ರಜೆ, ಆವತ್ತು ನಾನು, ತಮ್ಮ ನೋಡಿಕೊಳ್ಳುತ್ತೇವೆ. ನೋಡಿಕೊಳ್ಳಲು ಬಂದವರು ಒರಟಾಗಿ ನಡೆದುಕೊಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು, ದುಡ್ಡು ಕಟ್ಟಾಗಲ್ಲ. ಆ ನಂಬರನ್ನು ಅಮ್ಮನ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದೇನೆ.