ಕರಾವಳಿಯಲ್ಲಿ ಕೈಯಲ್ಲೇ ವಿಡಿಯೋ: ದುಡ್ಡು ಎಲ್ಲಿಗೆ ಹಾಕಿದೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಬೆಳಕೇ ಬೇರೆಯಾಗುತ್ತದೆ. ಮೇಲೆ ಕಾಡಿನ ನೆರಳು, ಕೆಳಗೆ ಮರಳು, ನೀರು, ಕಣ್ಣು ಕೋರೈಸುವ ಬಿಸಿಲು. ಈ ಎರಡನ್ನೂ ನಾನು ಟ್ರೈಪಾಡ್ ಇಲ್ಲದೆ, ಕೈಯಲ್ಲಿ ಹಿಡಿದೇ ತೆಗೆಯುತ್ತೇನೆ. ನನ್ನ ಸಾಮಾನು ಇಷ್ಟೇ: ಇದ್ದ ಫೋನು, ಲೆನ್ಸಿನ ಮೇಲೆ ಕ್ಲಿಪ್ ಮಾಡುವ ಎನ್‌ಡಿ ಫಿಲ್ಟರ್ (ಬೆಳಕು ತಡೆಯುವ ಕಪ್ಪು ಗಾಜು), ಗಾಳಿಯ ಸದ್ದು ತಡೆಯುವ ತುಪ್ಪಳದ ಟೊಪ್ಪಿ ಇರುವ ಪುಟ್ಟ ವೈರ್‌ಲೆಸ್ ಮೈಕು, ಒಂದು ಪವರ್ ಬ್ಯಾಂಕ್. ಎಲ್ಲಾ ಸೊಂಟದ ಚೀಲದಲ್ಲಿ ಹಿಡಿಯುತ್ತದೆ.

ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳೋದು ಒಂದೇ. ಇರುವ ಫೋನನ್ನೇ ಇಟ್ಟುಕೊಳ್ಳಿ, ದುಡ್ಡನ್ನು ಬಿಸಿಲು ಮತ್ತು ಗಾಳಿ ತಡೆಯೋದಕ್ಕೆ ಹಾಕಿ. ನಮ್ಮ ಕಡಲತೀರದಲ್ಲಿ ವಿಡಿಯೋ ಕೆಡಿಸುವವು ಇವೆರಡೇ.

ಗೋಕರ್ಣದ ಓಂ ಬೀಚಿನಲ್ಲಿ ಮಧ್ಯಾಹ್ನ ಫೋನನ್ನು ಅದರ ಪಾಡಿಗೆ ಬಿಟ್ಟರೆ ಷಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/4000 ಸೆಕೆಂಡಿನ ಹತ್ತಿರ ಹೋಗುತ್ತದೆ. ಹೆಚ್ಚಿನ ಫೋನುಗಳಲ್ಲಿ ಲೆನ್ಸಿನ ಕಿಂಡಿ ಕಿರಿದು ಮಾಡಲು ಬರುವುದಿಲ್ಲ. ಹಾಗಾಗಿ ಬೆಳಕು ಕಡಿಮೆ ಮಾಡಲು ಅದಕ್ಕೆ ಷಟರ್ ಒಂದೇ ದಾರಿ. ಆಗ ಒಂದೊಂದು ಫ್ರೇಮೂ ಚೂಪಾಗಿ ನಿಂತುಬಿಡುತ್ತದೆ, ಅಲೆ ಹರಿಯುವ ಬದಲು ತಟತಟ ಹಾರಿದ ಹಾಗೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆಯುವಾಗ ಷಟರ್ 1/50 ಇದ್ದರೆ ಚಲನೆ ಕಣ್ಣಿಗೆ ಸಹಜ. 1/4000ರಿಂದ ಅಲ್ಲಿಗೆ ಬರಲು ಆರು ಸ್ಟಾಪಿಗಿಂತ (ಒಂದು ಸ್ಟಾಪ್ ತಡೆದರೆ ಬೆಳಕು ಅರ್ಧ) ಸ್ವಲ್ಪ ಜಾಸ್ತಿ ಬೆಳಕು ತಡೆಯಬೇಕು. ಎನ್‌ಡಿ 64 ಸರಿಯಾಗಿ ಆರು ಸ್ಟಾಪು ತಡೆಯುತ್ತದೆ, ಉಳಿದದ್ದನ್ನು ಷಟರ್ 1/60ಕ್ಕೆ ಏರಿಸಿ ಸರಿದೂಗಿಸುತ್ತೇನೆ. ಷಟರನ್ನು ಲಾಕ್ ಮಾಡಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆಪ್ ಬಳಸುತ್ತೇನೆ.

ಯಾಣಕ್ಕೆ ಹೋದಾಗ ಫಿಲ್ಟರ್ ಚೀಲದಿಂದ ಹೊರಗೆ ಬರುವುದೇ ಇಲ್ಲ. ಅಲ್ಲಿ ಮರದಡಿ ಬೆಳಕು ಕಡಿಮೆ, ಷಟರ್ ತಾನಾಗಿಯೇ ನಿಧಾನಕ್ಕೆ ಇಳಿದಿರುತ್ತದೆ. ಆಗ ನಡೆಯುತ್ತಾ ತೆಗೆದರೆ ಫೋನಿನ ಸ್ಟೆಬಿಲೈಸೇಷನ್ ಚೌಕಟ್ಟನ್ನು ನಿಲ್ಲಿಸುತ್ತದೆ ನಿಜ, ಆದರೆ ಹೆಜ್ಜೆ ಇಟ್ಟಾಗಿನ ಅದುರಿನ ಮಸುಕು ಒಳಗೇ ಉಳಿಯುತ್ತದೆ. ಅದನ್ನು ಯಾವ ಎಡಿಟಿಂಗೂ ತೆಗೆಯಲಾರದು. ಅದಕ್ಕೇ ಕಾಡಿನಲ್ಲಿ ನಿಂತೇ ತೆಗೆಯಬೇಕು. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಬುಡದಿಂದ ತುದಿಗೆ ಕ್ಯಾಮೆರಾ ಎತ್ತುವಾಗ ಕಪ್ಪು ಬಂಡೆ ಹೋಗಿ ಬಿಳಿ ಆಕಾಶ ಬರುತ್ತದೆ, ಬೆಳಕಿನ ಅಳತೆ (ಎಕ್ಸ್‌ಪೋಷರ್) ಫೋನಿಗೇ ಬಿಟ್ಟಿದ್ದರೆ ನಡುವೆ ಬೆಳಕು ಜಿಗಿಯುತ್ತದೆ. ಮೊದಲೇ ಪರದೆಯಲ್ಲಿ ಬಂಡೆಯ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ನಿಧಾನ ಎತ್ತಿ.

ಅಡ್ಡಕ್ಕೆ ತಿರುಗಿಸುವುದಿದ್ದರೆ ಪಾದ ಎಲ್ಲಿಡುತ್ತೀರಿ ಅನ್ನೋದು ಮುಖ್ಯ. ದೃಶ್ಯ ಎಲ್ಲಿ ಮುಗಿಯಬೇಕೋ ಆ ಕಡೆಗೆ ಎರಡೂ ಪಾದ ಊರಿ ನಿಲ್ಲಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಸೊಂಟದಿಂದ ಮೈ ತಿರುಚಿ ಶುರುವಿನ ಜಾಗಕ್ಕೆ ಬನ್ನಿ, ಅಲ್ಲಿಂದ ಮೆಲ್ಲಗೆ ಮೈ ಬಿಚ್ಚುತ್ತಾ ಬನ್ನಿ. ಮೈ ಸಡಿಲವಾಗುತ್ತಾ ಹೋಗುವುದರಿಂದ ಕೊನೆಯಲ್ಲಿ ಕೈ ನಡುಗುವುದಿಲ್ಲ. ಗಿಂಬಲ್ (ಅದುರು ತಡೆಯುವ ಹಿಡಿಕೆ) ಇಲ್ಲದ ಕೊರತೆ ನನಗೆ ಕಾಡದಿರುವುದು ಇದರಿಂದಲೇ.

ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುವಾಗ ಅಂಚಿಗೆ ಒರಗಬೇಡಿ. ಎಂಜಿನ್ನಿನ ಅದುರು ನೇರ ಕೈಗೆ ಬರುತ್ತದೆ. ಮೊಣಕಾಲು ಸ್ವಲ್ಪ ಮಡಚಿ ನಿಂತರೆ ಕಾಲೇ ಅದನ್ನು ನುಂಗಿಕೊಳ್ಳುತ್ತದೆ. ಘಟ್ಟದಲ್ಲಿ ಬೈಕಿನ ಹ್ಯಾಂಡಲಿಗೆ ಫೋನ್ ಕಟ್ಟಲೇಬೇಡಿ. ಬೈಕ್ ಎಂಜಿನ್ನಿನ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ.

ಇನ್ನು ಗಾಳಿ. ಬೆಳಿಗ್ಗೆ ತೀರ ಶಾಂತವಾಗಿರುತ್ತದೆ, ಹೊತ್ತೇರಿದ ಹಾಗೆ ಕಡಲಗಾಳಿ ಜೋರಾಗುತ್ತದೆ. ಹಾಗಾಗಿ ಮಾತು ಬೆಳಿಗ್ಗೆ, ಬರಿ ದೃಶ್ಯ ಆಮೇಲೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದವರನ್ನು "ಅಕ್ಕಾ, ವಿಡಿಯೋ ತೆಗೀಲಾ?" ಅಂತ ಕೇಳಿದೆ. "ತೆಗಿ ತಮ್ಮಾ, ನೀರು ಏರೂ ಮೊದ್ಲೇ ಮುಗ್ಸು" ಅಂದರು. ತುಪ್ಪಳ ಹಾಕಿದ ಮೈಕನ್ನು ಸೆರಗಿನ ಒಳಮಡಿಕೆಗೆ ಸಿಕ್ಕಿಸಿಕೊಂಡರು. ಚಿಪ್ಪು ಬುಟ್ಟಿಗೆ ಬೀಳುವ ಸದ್ದೂ ಸ್ಪಷ್ಟವಾಗಿ ಬಂತು. ದೊಡ್ಡ ಕ್ಯಾಮೆರಾ ಎದುರಿಗಿಟ್ಟಿದ್ದರೆ ಅವರು ಅಷ್ಟು ಸಲೀಸಾಗಿ ಮಾತಾಡುತ್ತಿದ್ದರಾ? ನನಗಂತೂ ಅನುಮಾನ. ಸಣ್ಣ ಸಾಮಾನಿನ ನಿಜವಾದ ಲಾಭ ಇದೇ.

ರಾತ್ರಿ ಯಕ್ಷಗಾನ ತೆಗೆಯುವಾಗಲೂ ಷಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬೇರೆ ವೇಗದಲ್ಲಿ ತೆಗೆದರೆ ರಂಗದ ದೀಪ ಪಟ್ಟೆಪಟ್ಟೆಯಾಗಿ ಮಿನುಗಬಹುದು.

ಭಾವನ ಹತ್ತಿರ ಡಿಜೆಐ ಓಸ್ಮೋ ಪಾಕೆಟ್ 3 ಎಂಬ ಪುಟ್ಟ ಕ್ಯಾಮೆರಾ ಇದೆ. 179 ಗ್ರಾಮಿನಲ್ಲಿ ಒಂದಿಂಚಿನ ಸೆನ್ಸರೂ ಗಿಂಬಲ್ಲೂ ಸೇರಿವೆ, ನಡೆಯುತ್ತಾ ತೆಗೆಯೋಕೆ ಬಹಳ ಚೆನ್ನ. ಆದರೆ ಅದು ನೀರು ತಡೆಯುವುದಿಲ್ಲ, ನಮ್ಮ ಮಳೆಗಾಲದಲ್ಲಿ ಜೇಬಿನಲ್ಲೇ ಇರಬೇಕಾಗುತ್ತದೆ. ಬಿಸಿಲಿನಲ್ಲಿ ಅದಕ್ಕೂ ಎನ್‌ಡಿ ಬೇಕೇ ಬೇಕು.

ಕಾರವಾರದಿಂದ ಅಂಕೋಲಾ ಕಡೆ ಹೆದ್ದಾರಿಯಲ್ಲಿ ಬರುವಾಗ ನೌಕಾನೆಲೆಯ ಪಕ್ಕ ಕ್ಯಾಮೆರಾ ಒಳಗಿಡಿ, ಅಲ್ಲಿ ಚಿತ್ರೀಕರಣ ನಿಷಿದ್ಧ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ, ಸ್ವಲ್ಪ ಹೊತ್ತು ಚೀಲದಲ್ಲೇ ಇದ್ದು ಬೆಚ್ಚಗಾಗಲಿ. ಮನೆಗೆ ಬಂದ ಮೇಲೆ ಮೊದಲು ಗಾಳಿ ಊದುವ ಬ್ಲೋವರಿನಿಂದ ಲೆನ್ಸಿನ ಮರಳು ಹಾರಿಸಿ, ಆಮೇಲೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿ, ಕೊನೆಗೆ ಒಣ ಬಟ್ಟೆ. ಈ ಕೆಲಸ ಮರುದಿನಕ್ಕೆ ಬಿಡಬೇಡಿ.