60 ಕೆ.ಜಿ. ಡ್ರಮ್ ರೋಬೊ: ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಅನುಭವ

ನಮ್ಮ ಕಾಲೇಜು ಫೆಸ್ಟ್‌ಗಳ ರೋಬೊವಾರ್‌ನಲ್ಲಿ ಹೆವಿವೇಟ್ ಅಂದರೆ ಸಾಮಾನ್ಯವಾಗಿ 60 ಕೆ.ಜಿ. ಬ್ರಿಟನ್‌ನಲ್ಲಿ 110 ಕೆ.ಜಿ., ಅಮೆರಿಕದಲ್ಲಿ 250 ಪೌಂಡ್, ಅಂದರೆ 113 ಕೆ.ಜಿ. ಇಲ್ಲಿ ಬರೆದಿರುವುದು 60 ಕೆ.ಜಿ. ಡ್ರಮ್ ರೋಬೊ, ಅಂದರೆ ಮುಂದಿರುವ ಹಲ್ಲಿನ ಡ್ರಮ್ ತಿರುಗಿಸಿ ಎದುರಾಳಿ ರೋಬೊಗೆ ಹೊಡೆಯುವ ಕಾದಾಟದ ರೋಬೊ ಬಗ್ಗೆ. ಹಳೆಯದು 40×40 ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪಿನ ಬೆಸುಗೆ ಚಾಸಿ, 5 ಎಂಎಂ ಎಂಎಸ್ ಪ್ಲೇಟು, 12 ವೋಲ್ಟ್ 7 ಎಎಚ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ, ಬ್ರಶ್ ಇರುವ ಡಿಸಿ ಮೋಟರು, ಸುಮಾರು 4500 ಆರ್‌ಪಿಎಂನಲ್ಲಿ ತಿರುಗುವ ಡ್ರಮ್. ಹೊಸದರಲ್ಲಿ ಡ್ರಮ್ 6000 ಮುಟ್ಟುತ್ತದೆ. ವೇಗ ಮೂರನೇ ಒಂದು ಪಾಲು ಏರಿದರೆ ಏಟಿನ ಶಕ್ತಿ 1.78 ಪಟ್ಟಾಗುತ್ತದೆ. ಎದುರಾಳಿಗೆ ಬೀಳುವಷ್ಟೇ ಏಟು ನಮ್ಮ ಷಾಫ್ಟಿಗೂ ಚಾಸಿಗೂ ವಾಪಸ್ ಬರುತ್ತದೆ. ಹಾಗಾಗಿ ಮೋಟರ್ ಬದಲಿಸುವುದು ಈ ಕೆಲಸದಲ್ಲಿ ಕಡೆಗೆ ಬರಬೇಕಾದ ಹೆಜ್ಜೆ.

ಬಿಚ್ಚುವಾಗಲೇ ಅರ್ಧ ವಿನ್ಯಾಸ ಸಿಗುತ್ತದೆ. ಒಂದೊಂದು ಭಾಗ ತೆಗೆದಾಗಲೂ ತೂಕ ಹಾಕಿ ಬರೆದಿಡಿ, ಪೆಟ್ಟು ಬಿದ್ದ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ. ನಮ್ಮದರಲ್ಲಿ ಬಿರುಕು ಬಿಟ್ಟಿದ್ದು ಬೆಸುಗೆಯಲ್ಲಲ್ಲ, ಬೆಸುಗೆಯ ಅಂಚಿಗೆ ತಾಗಿದ ಪೈಪಿನ ಗೋಡೆಯಲ್ಲಿ. ಬಿಸಿಯಿಂದ ಗುಣ ಕೆಟ್ಟ ಲೋಹಕ್ಕೆ ಎಲ್ಲ ಏಟೂ ಅಲ್ಲೇ ಸೇರುತ್ತದೆ. ಬೇರಿಂಗ್ ಹೌಸಿಂಗಿನ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಅಂದರೆ ಬೋಲ್ಟ್‌ಗಳೇ ಅಡ್ಡ ಏಟನ್ನು ಹೊರುತ್ತಿದ್ದವು. ಎರಡು ಪಕ್ಕದ ಪ್ಲೇಟುಗಳು ಹೊರಕ್ಕೆ ಬಾಗಿದ್ದವು, ಬೆಲ್ಟ್ ಪದೇಪದೇ ಜಾರಲು ಅದೇ ಕಾರಣ. ಇಂಥ ಚಾಸಿಗೆ ಮತ್ತೆ ಬೆಸುಗೆ ಹಾಕಿ ಮುಂದುವರಿಯುವುದರಲ್ಲಿ ಅರ್ಥವಿಲ್ಲ.

ತೂಕದ ಪಟ್ಟಿಯನ್ನು ಲೆಕ್ಕದಲ್ಲಿ 58.5 ಕೆ.ಜಿ.ಗೆ ನಿಲ್ಲಿಸಿ. ಮಿಕ್ಕ ಒಂದೂವರೆ ಕೆ.ಜಿ.ಯನ್ನು ಬೋಲ್ಟು, ವೈರು, ರಬ್ಬರು ತಿನ್ನುತ್ತವೆ. ನಾಲ್ಕು ಲೆಡ್ ಆಸಿಡ್ ಬ್ಯಾಟರಿ ತೆಗೆದರೆ ಹತ್ತಿರ ಹತ್ತಿರ 9 ಕೆ.ಜಿ. ಉಳಿಯುತ್ತದೆ. 6ಎಸ್ (ಆರು ಸೆಲ್ ಸಾಲಾಗಿ ಜೋಡಿಸಿದ) 5000 ಎಂಎಎಚ್ ಲಿಪೊ ಬ್ಯಾಟರಿ ಒಂದಕ್ಕೆ ಮುಕ್ಕಾಲು ಕೆ.ಜಿ. ಹತ್ತಿರ, ಅಂಥವು ಮೂರು ಸಾಕು. ಈ ಉಳಿತಾಯವೆಲ್ಲ ಚಾಸಿಗೆ ಹೋಗಲಿ.

ಡ್ರಮ್ಮಿನ ವಿಷಯಕ್ಕೆ ಬರೋಣ. ಹೊರ ವ್ಯಾಸ 160 ಎಂಎಂ, ಉದ್ದ 220 ಎಂಎಂ, ಲೋಹ ಇಎನ್24ಟಿ ಅನ್ನುವ ಗಟ್ಟಿ ಮಿಶ್ರಲೋಹದ ಉಕ್ಕು. ಇಷ್ಟು ದಪ್ಪದ ಪೈಪು ಈ ಗ್ರೇಡಿನಲ್ಲಿ ಸಿಗುವುದು ಕಷ್ಟ, ಗುಂಡು ಸರಳೇ ತರಬೇಕು. 35 ಕೆ.ಜಿ. ಸರಳು ತಂದು ಅರ್ಧಕ್ಕಿಂತ ಹೆಚ್ಚನ್ನು ಲೇತಿನಲ್ಲಿ ಕೊರೆದು ಎಸೆಯಬೇಕಾಗುತ್ತದೆ, ಕೂಲಿಯೂ ಅದಕ್ಕೆ ತಕ್ಕಂತೆ. ಒಳ ವ್ಯಾಸ 110 ಇಟ್ಟರೆ ಕೊಳವೆಯ ತೂಕ 18.3 ಕೆ.ಜಿ., 115 ಇಟ್ಟರೆ 16.8. ತೂಕ ಶೇ. 8ರಷ್ಟು ಇಳಿದರೂ ಜಡತ್ವ ಭ್ರಾಮಕ ಇಳಿಯುವುದು ಶೇ. 5.5 ಮಾತ್ರ (0.0863ರಿಂದ 0.0815 ಕೆ.ಜಿ.ಮೀ²), ಏಕೆಂದರೆ ತೆಗೆದದ್ದು ಕೇಂದ್ರಕ್ಕೆ ಹತ್ತಿರದ ಲೋಹ. ಒಂದೂವರೆ ಕೆ.ಜಿ.ಗೆ ಇಷ್ಟು ಅಗ್ಗದ ಬೆಲೆ ರೋಬೊದ ಬೇರೆಲ್ಲೂ ಸಿಗಲಿಲ್ಲ. 6000 ಆರ್‌ಪಿಎಂನಲ್ಲಿ ಇದರಲ್ಲಿ ತುಂಬುವ ಶಕ್ತಿ ಸುಮಾರು 16 ಕಿಲೋಜೌಲ್.

ಹಲ್ಲು ಎಷ್ಟಿರಬೇಕು? ಒಂದೇ ಸಾಕು. ಹಲ್ಲು ಎದುರಾಳಿಯನ್ನು ಎಷ್ಟು ಆಳ ಕಚ್ಚುತ್ತದೆ ಅನ್ನುವುದು ಎರಡು ಹಲ್ಲುಗಳು ಹಾದುಹೋಗುವ ನಡುವೆ ರೋಬೊ ಎಷ್ಟು ಮುಂದೆ ಸರಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನುಗ್ಗಿದರೆ, 6000 ಆರ್‌ಪಿಎಂನ ಎರಡು ಹಲ್ಲಿನ ಡ್ರಮ್ಮಿಗೆ ಸಿಗುವುದು 5 ಎಂಎಂ, ಒಂದು ಹಲ್ಲಿಗೆ 10 ಎಂಎಂ. ಕಚ್ಚು ಸಾಲದೆ ಹೋದರೆ ಡ್ರಮ್ ಕಿಡಿ ಹಾರಿಸುತ್ತಾ ಉಜ್ಜುತ್ತದೆಯೇ ಹೊರತು ಎದುರಾಳಿಯನ್ನು ಎತ್ತುವುದಿಲ್ಲ. ವೇಗ ಏರಿಸಿ ಎರಡು ಹಲ್ಲನ್ನು ಹಾಗೇ ಬಿಟ್ಟವರಿಗೆ ಏಟು ಮೊದಲಿಗಿಂತ ಸಪ್ಪೆ ಅನ್ನಿಸುವುದು ಇದೇ ಕಾರಣಕ್ಕೆ.

ಹಲ್ಲಿನ ಅಳತೆ 120×30×20 ಎಂಎಂ: 10 ಎಂಎಂ ಡ್ರಮ್ಮಿನಲ್ಲಿ ಕೊರೆದ ಗಾಡಿಯ (ಉದ್ದ ತೋಡಿನ) ಒಳಗೆ, 10 ಎಂಎಂ ಹೊರಗೆ. ಪೂರ್ಣ ವೇಗದಲ್ಲಿ ಈ ಅರ್ಧ ಕೆ.ಜಿ. ತುಂಡನ್ನು ಹೊರಕ್ಕೆಳೆಯುವ ಬಲ 16,000 ನ್ಯೂಟನ್ ದಾಟುತ್ತದೆ, ಅಂದರೆ ಒಂದೂವರೆ ಟನ್ನಿಗೂ ಮೇಲೆ. 12.9 ಗ್ರೇಡಿನ ಎಂ10 ಅಲೆನ್ ಬೋಲ್ಟ್ ಮೂರು ಹಾಕಿದರೆ ಇದನ್ನು ಸಲೀಸಾಗಿ ತಡೆಯುತ್ತವೆ. ಅಡ್ಡ ಏಟನ್ನು ಗಾಡಿಯ ಗೋಡೆಯೇ ಹೊರಬೇಕು, ಬೋಲ್ಟಿಗೆ ಅದು ತಲುಪಬಾರದು. ಅದಕ್ಕೆ ಹಲ್ಲು ಗಾಡಿಯಲ್ಲಿ ಬಿಗಿಯಾಗಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುವಷ್ಟು ಅಳತೆಯಲ್ಲಿರಲಿ. ಗಾಡಿಯ ಒಳಮೂಲೆಗೆ 2 ಎಂಎಂ ರೇಡಿಯಸ್ ಕೊಡಿ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ಹಲ್ಲಿನ ಲೋಹಕ್ಕೆ ನಾವು ನೆಚ್ಚಿದ್ದು ಎಚ್13, ಅಂದರೆ ಡೈ ಮಾಡುವವರು ಬಳಸುವ ಹಾಟ್ ಡೈ ಸ್ಟೀಲು, ಗಡಸುತನ 48ರಿಂದ 50 ಎಚ್‌ಆರ್‌ಸಿ, ಎರಡು ಸಲ ಟೆಂಪರ್ (ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿ ಪೆಡಸು ತಗ್ಗಿಸುವುದು). ಪೀಣ್ಯದಲ್ಲಿ ಡೈಗಳಿಗೆ ಹೀಟ್ ಟ್ರೀಟ್‌ಮೆಂಟ್ ಮಾಡುವ ಕಡೆ ಇದು ಅವರ ದಿನನಿತ್ಯದ ಕೆಲಸ. ಸುಲಭವಾಗಿ ಸಿಗುತ್ತದೆ ಅಂತ ಇಂಗಾಲ, ಕ್ರೋಮಿಯಂ ಹೆಚ್ಚಿರುವ ಸ್ಟೀಲಾದ ಎಚ್‌ಸಿಎಚ್‌ಸಿ ಹಾಕಬೇಡಿ. ಸವೆತಕ್ಕೆ ಅದು ಚೆನ್ನ, ಏಟಿಗೆ ಪೆಡಸು, ಬುಡಕ್ಕೇ ಮುರಿಯುತ್ತದೆ. ಇಎನ್24ರಲ್ಲೇ ಮಾಡುವುದಾದರೆ 260ರಿಂದ 370 ಡಿಗ್ರಿ ಸೆಲ್ಸಿಯಸ್ ನಡುವೆ ಟೆಂಪರ್ ಮಾಡಿಸಬೇಡಿ. ಆ ವ್ಯಾಪ್ತಿಯಲ್ಲಿ ಗಡಸುತನ ಸಿಕ್ಕರೂ ಲೋಹ ಪೆಡಸಾಗುತ್ತದೆ. ಎಷ್ಟು ಎಚ್‌ಆರ್‌ಸಿ ಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಡಿ. ಬರೀ ‘ಹಾರ್ಡನಿಂಗ್ ಮಾಡಿ’ ಅಂದರೆ ಸಿಗುವಷ್ಟೂ ಗಡಸು ಮಾಡಿ ಕೊಡುತ್ತಾರೆ.

ಒಂದೇ ಹಲ್ಲಾದ್ದರಿಂದ ಬ್ಯಾಲೆನ್ಸಿಂಗ್ ತಪ್ಪಿದ್ದಲ್ಲ. ಎದುರು ಬದಿಯ ಗಾಡಿಯಲ್ಲಿ ಮೈಗೆ ಸಮನಾದ ತುಂಡು ಕೂರಿಸಿದ ಮೇಲೂ ಹಲ್ಲಿನ ಹೊರಚಾಚಿನ ಸುಮಾರು 280 ಗ್ರಾಂ ಹೆಚ್ಚುವರಿಯಾಗಿ ಉಳಿಯುತ್ತದೆ. ಹಲ್ಲಿನ ಅಕ್ಕಪಕ್ಕದ ಗೋಡೆಯಲ್ಲಿ ಕುರುಡು ತೂತುಗಳನ್ನು ಕೊರೆದು ಅದನ್ನು ಸರಿದೂಗಿಸಿದೆವು. ಆಮೇಲೆ ಫ್ಯಾನ್, ಪಂಪಿನ ರೋಟರುಗಳಿಗೆ ಡೈನಾಮಿಕ್ ಬ್ಯಾಲೆನ್ಸಿಂಗ್ ಮಾಡುವವರ ಬಳಿ ಕೊಡಬೇಕು. ಜಿ6.3 ದರ್ಜೆ ಅಂತ ಹೇಳಿ. 6000 ಆರ್‌ಪಿಎಂನಲ್ಲಿ ಈ ಡ್ರಮ್ಮಿಗೆ ಅದರ ಅರ್ಥ, ಮೇಲ್ಮೈಯಲ್ಲಿ ಉಳಿಯಬಹುದಾದ ಅಸಮತೋಲ ಸುಮಾರು 2 ಗ್ರಾಂ. ಅದೇ 50 ಗ್ರಾಂ ಉಳಿದರೆ? ಪ್ರತಿ ಸುತ್ತಿಗೂ 1,580 ನ್ಯೂಟನ್ ಬಲ ಚಾಸಿಯನ್ನು ಅಲುಗಿಸುತ್ತದೆ. ಬೋಲ್ಟ್ ತಾನಾಗಿ ಸಡಿಲವಾಗುವುದು, ರಿಸೀವರ್ ಕನೆಕ್ಟರ್ ಕಳಚುವುದು ಇಂಥದರಿಂದಲೇ. ಹೆಚ್ಚುವರಿ ಹಲ್ಲುಗಳನ್ನು ಗ್ರಾಂ ಲೆಕ್ಕದಲ್ಲಿ ಒಂದೇ ತೂಕಕ್ಕೆ ಗ್ರೈಂಡ್ ಮಾಡಿಟ್ಟುಕೊಂಡರೆ ಪಂದ್ಯದ ನಡುವೆ ಬದಲಿಸಿದರೂ ತೊಂದರೆಯಿಲ್ಲ.

ಷಾಫ್ಟು ತಿರುಗಬಾರದು. 25 ಎಂಎಂ ಇಎನ್24 ಷಾಫ್ಟು ಎರಡು ಪಕ್ಕದ ಪ್ಲೇಟುಗಳನ್ನು ಬಿಗಿದು ನಿಲ್ಲಲಿ, ಡ್ರಮ್ ಅದರ ಮೇಲೆ ಬೇರಿಂಗಿನಲ್ಲಿ ತಿರುಗಲಿ. ಆಗ ಪ್ಲೇಟುಗಳು ಹೊರಕ್ಕೆ ಬಾಗುವ ಚಾಳಿಯೇ ನಿಲ್ಲುತ್ತದೆ. ಹಳೆಯದರಲ್ಲಿದ್ದ 6205 ತೆಗೆದು 6305 ಹಾಕಿದೆವು. ಒಳ ವ್ಯಾಸ ಅದೇ 25, ಹೊರ ವ್ಯಾಸ 52ರ ಬದಲು 62, ನಿಂತ ಭಾರ ಹೊರುವ ಶಕ್ತಿ ಸುಮಾರು ಒಂದೂವರೆ ಪಟ್ಟು. ಎರಡು ಕಡೆ ಸೀಲ್ ಇರುವ, ಸಿ3 ಸಡಿಲಿನದ್ದು ಕೇಳಿ, ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಇಲ್ಲಿ ತಿರುಗುವುದು ಬೇರಿಂಗಿನ ಹೊರ ಉಂಗುರ. ಹಾಗಾಗಿ ಅದು ಡ್ರಮ್ಮಿನ ಮುಚ್ಚಳದಲ್ಲಿ ಪ್ರೆಸ್‌ನಿಂದ ಬಿಗಿಯಾಗಿ ಕೂರಬೇಕು, ಒಳ ಉಂಗುರ ಷಾಫ್ಟಿನ ಮೇಲೆ ಕೈಯಲ್ಲೇ ಜಾರಬೇಕು. ಸಾಮಾನ್ಯ ಯಂತ್ರಗಳಲ್ಲಿ ಇದು ತಿರುಗುಮುರುಗು, ಲೇತಿನವರು ಅಭ್ಯಾಸಬಲದಿಂದ ಹಾಗೇ ಮಾಡಿಬಿಡುತ್ತಾರೆ. ಡ್ರಾಯಿಂಗಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ.

ಚಾಸಿಗೆ 20 ಎಂಎಂ 6082-ಟಿ6 ಅಲ್ಯೂಮಿನಿಯಂ. ಬೆಸುಗೆ ಎಲ್ಲೂ ಇಲ್ಲ. ಟಿ6, ಅಂದರೆ ಹೀಟ್ ಟ್ರೀಟ್‌ಮೆಂಟಿನಿಂದ ಬಲ ಪಡೆದ ಅಲ್ಯೂಮಿನಿಯಂಗೆ ಬೆಸುಗೆ ಹಾಕಿದರೆ ಆ ಸುತ್ತಲಿನ ಬಲ ಹೋಗುತ್ತದೆ. ಅಡ್ಡಪಟ್ಟಿಗಳ ತುದಿಯನ್ನು, ಬಡಗಿಗಳು ಬಾಗಿಲಿನ ಚೌಕಟ್ಟು ಕೂಡಿಸುವಂತೆ, ಪಕ್ಕದ ಪ್ಲೇಟಿನಲ್ಲಿ ಕೊರೆದ ಗಾಡಿಯೊಳಗೆ 8 ಎಂಎಂ ಇಳಿಸಿ ಎಂ10 ಬೋಲ್ಟಿನಿಂದ ಎಳೆದು ಕಟ್ಟಿದ್ದೇವೆ. ಅಲ್ಯೂಮಿನಿಯಂನಲ್ಲಿ ಥ್ರೆಡ್ ಬೋಲ್ಟಿನ ವ್ಯಾಸದ ಎರಡು ಪಟ್ಟಾದರೂ ಆಳಕ್ಕೆ ಹೋಗಬೇಕು, ಎಂ10ಕ್ಕೆ 20 ಎಂಎಂ. ಪದೇಪದೇ ಬಿಚ್ಚುವ ಕಡೆ ಸ್ಟೀಲ್ ಇನ್ಸರ್ಟ್ ಹಾಕಿ, ಇಲ್ಲವಾದರೆ ಥ್ರೆಡ್ ಸವೆದು ಹೋಗುತ್ತದೆ. ಮುಂಭಾಗಕ್ಕೆ 6 ಎಂಎಂ ಹಾರ್ಡಾಕ್ಸ್ 450 ಗಡಸು ಸ್ಟೀಲ್ ಪ್ಲೇಟು, ರಬ್ಬರ್ ಬುಷ್ ಮೇಲೆ. ಇದನ್ನು ಲೇಸರಿನಲ್ಲಿ ಕತ್ತರಿಸಬಹುದು, ಆದರೆ ಗ್ಯಾಸ್ ಟಾರ್ಚಿನಿಂದ ಕಾಯಿಸಿ ಬಗ್ಗಿಸಬೇಡಿ. 250 ಡಿಗ್ರಿ ದಾಟಿದರೆ ಗಡಸುತನ ಇಳಿಯುತ್ತದೆ, ಆಮೇಲೆ ಅದು ದುಬಾರಿ ಎಂಎಸ್ ಅಷ್ಟೆ.

ಆಯುಧಕ್ಕೆ 80 ಎಂಎಂ ವ್ಯಾಸದ, ಸುಮಾರು 150 ಕೆವಿಯ (ಒಂದು ವೋಲ್ಟಿಗೆ ನಿಮಿಷಕ್ಕೆ 150 ಸುತ್ತು), ಹೊರಕವಚವೇ ತಿರುಗುವ ಬ್ರಶ್‌ಲೆಸ್ ಔಟ್‌ರನ್ನರ್, 12ಎಸ್‌ನಲ್ಲಿ. 44.4 ವೋಲ್ಟಿಗೆ ಖಾಲಿ ವೇಗ 6660, ಆದ್ದರಿಂದ ಪುಲ್ಲಿಗಳು ಒಂದಕ್ಕೊಂದು. ಈ ಮೋಟರ್ ಒಂದು ಆಂಪಿಯರಿಗೆ ಸುಮಾರು 0.064 ನ್ಯೂಟನ್ ಮೀಟರ್ ತಿರುಚು ಬಲ ಕೊಡುತ್ತದೆ. 100 ಆಂಪಿಯರ್ ಮಿತಿಯಲ್ಲಿ ಡ್ರಮ್ 6000 ಮುಟ್ಟಲು ಲೆಕ್ಕದ ಪ್ರಕಾರ 8 ಸೆಕೆಂಡ್, ಮೇಲಿನ ವೇಗದಲ್ಲಿ ಕರೆಂಟು ಇಳಿಯುವುದರಿಂದ ನಿಜದಲ್ಲಿ 10ರ ಹತ್ತಿರ. 150 ಆಂಪಿಯರ್ ಕೊಟ್ಟರೆ ಬೇಗ ಏರುತ್ತದೆ, ಆದರೆ ಸುರುಳಿಯ ಬಿಸಿ 2.25 ಪಟ್ಟು. ಮೂರು ನಿಮಿಷದ ಪಂದ್ಯದಲ್ಲಿ ಹತ್ತು ಸಲ ಸೊನ್ನೆಯಿಂದ ಏರಿಸಿದರೂ ದಕ್ಷತೆ ಅರ್ಧ ಅಂತ ಹಿಡಿದು 2 ಎಎಚ್ ದಾಟದು. 5000 ಎಂಎಎಚ್ ಧಾರಾಳ. 12ಎಸ್ ತುಂಬಿದಾಗ 50.4 ವೋಲ್ಟ್. ನಿಯಮದಲ್ಲಿ 48 ವೋಲ್ಟಿನ ಮಿತಿ ಇದ್ದರೆ, ಅದು ನಾಮಮಾತ್ರ ವೋಲ್ಟೇಜಿಗೋ ತುಂಬಿದ್ದಕ್ಕೋ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ಬೆಲ್ಟು ವಿ-ಬೆಲ್ಟೇ ಇರಲಿ. ಹಲ್ಲಿನ ಟೈಮಿಂಗ್ ಬೆಲ್ಟು ಡ್ರಮ್ ಗಕ್ಕನೆ ನಿಂತಾಗ ಹಲ್ಲು ಕಿತ್ತುಕೊಳ್ಳುತ್ತದೆ, ವಿ-ಬೆಲ್ಟು ಜಾರಿ ಮೋಟರನ್ನು ಉಳಿಸುತ್ತದೆ. ಔಟ್‌ರನ್ನರಿನ ಷಾಫ್ಟು ಒಂದೇ ತುದಿಯಲ್ಲಿ ಹಿಡಿದಿರುವುದರಿಂದ ಬೆಲ್ಟಿನ ಎಳೆತಕ್ಕೆ ಬಾಗುತ್ತದೆ. ಪುಲ್ಲಿಯ ಆಚೆ ಇನ್ನೊಂದು ಬೇರಿಂಗ್ ಆಸರೆ ಕೊಡಲೇಬೇಕು.

ಡ್ರಮ್ಮಿನ ವೇಗ ಏರಿಸಿದವರು ಆಮೇಲೆ ಕಂಗಾಲಾಗುವುದು ತಿರುವಿನಲ್ಲಿ. ತಿರುಗುವ ಡ್ರಮ್ ಗೈರೊ ಆಗಿ ರೋಬೊದ ಒಂದು ಬದಿಯನ್ನು ಎತ್ತುತ್ತದೆ. 6000ದಲ್ಲಿ ನಮ್ಮ ಡ್ರಮ್ಮಿನ ಕೋನೀಯ ಸಂವೇಗ 51. ಚಕ್ರಗಳ ನಡುವಿನ ಅಂತರ 440 ಎಂಎಂ ಇದ್ದರೆ 60 ಕೆ.ಜಿ. ತೂಕ ಒಡ್ಡುವ ತಡೆ ಸುಮಾರು 130 ನ್ಯೂಟನ್ ಮೀಟರ್. ಈ ತಡೆಯನ್ನು ಸಂವೇಗದಿಂದ ಭಾಗಿಸಿದರೆ ಸೆಕೆಂಡಿಗೆ 2.5 ರೇಡಿಯನ್. ನಿಂತಲ್ಲೇ ಪೂರ್ತಿ ಒಂದು ಸುತ್ತಿಗೆ ಎರಡೂವರೆ ಸೆಕೆಂಡ್ ಬೇಕು, ಅದಕ್ಕಿಂತ ಬೇಗ ತಿರುಗಿಸಿದರೆ ಚಕ್ರ ನೆಲ ಬಿಡುತ್ತದೆ. ಮುಂಭಾಗ ಮೇಲಕ್ಕೆ ಹೊಡೆಯುವ ಡ್ರಮ್ಮಿನಲ್ಲಿ ಎಡಕ್ಕೆ ತಿರುಗಿದರೆ ಏಳುವುದು ಬಲ ಚಕ್ರ. 4500ರಲ್ಲಿ ಈ ಮಿತಿ 3.4 ರೇಡಿಯನ್ ಇತ್ತು, ಹಾಗಾಗಿ ಹಳೆಯ ರೋಬೊದಲ್ಲಿ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಪರಿಹಾರ ಎರಡು: ಚಕ್ರಗಳನ್ನು ಸಾಧ್ಯವಾದಷ್ಟು ಹೊರಗೆ ತಳ್ಳುವುದು, ರಿಮೋಟಿನಲ್ಲಿ ಡ್ಯುಯಲ್ ರೇಟ್ ಸ್ವಿಚ್ಚಿಗೆ ಸ್ಟೀರಿಂಗನ್ನು ಅರ್ಧಕ್ಕಿಳಿಸಿ ಇಡುವುದು. ಫ್ಲೈಸ್ಕೈ ಎಫ್‌ಎಸ್-ಐ6ರಂಥ ಸಾಧಾರಣ ರಿಮೋಟಿನಲ್ಲೂ ಈ ಸೌಲಭ್ಯ ಇದೆ. ಡ್ರೈವರ್ ಇದನ್ನು ಅಭ್ಯಾಸ ಮಾಡದೆ ಕಣಕ್ಕಿಳಿಯಬಾರದು.

ಡ್ರೈವ್ ಭಾಗದಲ್ಲಿ ಹೇಳುವುದು ಕಡಿಮೆ. 150 ಎಂಎಂ ಪಿಯು ಚಕ್ರ, ಗೇರ್‌ಬಾಕ್ಸಿನ ಔಟ್‌ಪುಟ್ 500 ಆರ್‌ಪಿಎಂ ಇದ್ದರೆ ಸೆಕೆಂಡಿಗೆ ಸುಮಾರು 4 ಮೀಟರ್, ಅಷ್ಟು ಸಾಕು. ಸೇಬರ್‌ಟೂತ್ 2×60 ಕಂಟ್ರೋಲರಿಗೆ 6ಎಸ್ ಸರಿಹೊಂದುತ್ತದೆ. ಡ್ರೈವಿನದು, ಆಯುಧದ್ದು, ಎರಡೂ ಕಂಟ್ರೋಲರುಗಳನ್ನು ಚಾಸಿಗೆ ನೇರ ಬಿಗಿಯದೆ ರಬ್ಬರಿನ ಮೇಲೆ ಕೂರಿಸಿ. ಆಯುಧದ ಸಾಲಿಗೆ 8 ಎಡಬ್ಲ್ಯೂಜಿ ಸಿಲಿಕಾನ್ ವೈರು, ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ತುದಿ ಸುಲಿಸಿ ನೋಡಿ, ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಎಳೆ ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಎಕ್ಸ್‌ಟಿ90 ಕನೆಕ್ಟರಿಗೆ 100 ವಾಟಿನ ಸೋಲ್ಡರಿಂಗ್ ಐರನ್ನೇ ಬೇಕು. ಕಮ್ಮಿ ವಾಟಿನದ್ದರಲ್ಲಿ ಸೀಸ ಮೇಲೆ ಮಾತ್ರ ಹರಿದು ಒಳಗೆ ಹಿಡಿಯುವುದಿಲ್ಲ, ಮೊದಲ ಏಟಿಗೇ ಕಿತ್ತು ಬರುತ್ತದೆ.

ಮೊದಲ ಪರೀಕ್ಷೆಯಲ್ಲಿ ಚಕ್ರಗಳನ್ನು ನೆಲದಿಂದ ಎತ್ತಿಟ್ಟು ಫೇಲ್‌ಸೇಫ್ ನೋಡಿ: ರಿಮೋಟ್ ಆಫ್ ಮಾಡಿದೊಡನೆ ಡ್ರೈವೂ ಆಯುಧವೂ ತಾವಾಗಿ ನಿಲ್ಲಬೇಕು. ಡ್ರಮ್ಮನ್ನು ಮಾತ್ರ ಮನೆಯಲ್ಲೋ ಲ್ಯಾಬಿನಲ್ಲೋ ತಿರುಗಿಸಬಾರದು. ತುದಿಯ ವೇಗ ಸೆಕೆಂಡಿಗೆ 56 ಮೀಟರ್, ಗಂಟೆಗೆ 200 ಕಿ.ಮೀ.; ಹಲ್ಲು ಕಿತ್ತರೆ ಪ್ಲೈವುಡ್ ತಡೆಯುವುದಿಲ್ಲ. ರೋಬೊವನ್ನು ನೆಲಕ್ಕೆ ಕಟ್ಟಿ, ಎಲ್ಲರೂ ಕಾಂಕ್ರೀಟ್ ಗೋಡೆಯ ಆಚೆ ನಿಂತು, ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತಾ ಸಾವಿರ ಸಾವಿರವಾಗಿ ಏರಿಸಿ. ಪ್ರತಿ ಹಂತದಲ್ಲೂ ನಿಲ್ಲಿಸಿ, ಬ್ಯಾಟರಿ ಸಾಲನ್ನು ಕಡಿಯುವ ಲಿಂಕ್ ತೆಗೆದು, ಡ್ರಮ್ಮಿಗೆ ಲಾಕ್ ಹಾಕಿ, ಬೋಲ್ಟುಗಳಿಗೆ ಎಳೆದ ಬಣ್ಣದ ಗೆರೆ ಸರಿದಿದೆಯಾ ನೋಡಿ. ಸ್ವಿಚ್ ಬಿಟ್ಟಮೇಲೆ 60 ಸೆಕೆಂಡಿನೊಳಗೆ ಡ್ರಮ್ ನಿಲ್ಲಬೇಕು ಅನ್ನುವ ನಿಯಮ ಹಲವು ಕಡೆ ಇದೆ, ಅದನ್ನೂ ಇದೇ ಹೊತ್ತಿಗೆ ಅಳೆದುಕೊಳ್ಳಿ.

ಪಿಟ್‌ಗೆ ಒಯ್ಯಬೇಕಾದದ್ದು: ಹಲ್ಲು ಎರಡು, ಬೆಲ್ಟು ನಾಲ್ಕು, 6305 ಬೇರಿಂಗ್ ಒಂದು ಜೊತೆ, ಬೇರಿಂಗ್ ಕೂರಿಸಿದ ಸಿದ್ಧ ಮುಚ್ಚಳ ಒಂದು, ಎಂ10 ಬೋಲ್ಟು ಇಪ್ಪತ್ತು, ಬೋಲ್ಟು ಸಡಿಲಾಗದಂತೆ ಹಚ್ಚುವ ಲಾಕ್‌ಟೈಟ್ 243, ಟಾರ್ಕ್ ರೆಂಚು, ಒಂದು ಬಕೆಟ್ ಮರಳು. ಸಂಜೆ ಪಂದ್ಯ ಮುಗಿದ ಮೇಲೆ ಲಿಪೊಗಳನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದಿಡಿ. ಏಟು ತಿಂದು ಮೂಲೆ ನುಗ್ಗಾದ ಪ್ಯಾಕನ್ನು ಮತ್ತೆ ಚಾರ್ಜ್ ಮಾಡದೆ ಮರಳಿನ ಬಕೆಟ್ಟಿನಲ್ಲಿ ಹೊರಗಿಡಿ.