ಮೈಕೈ ನೋವಿಗೆ ಏನು ಮಾಡುತ್ತಿದ್ದಿರಿ?

ಗರ್ಭಿಣಿಯರ ಮದ್ಯಪಾನದ ಸಮೀಕ್ಷೆಗೆಂದು ಬೆಂಗಳೂರಿನ ಅಂಚಿನ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿಗೆ ಹೋಗಲು ಶುರು ಮಾಡಿದಾಗ, ಮೊದಲ ಮೂರು ವಾರ ನಾನು ತುಂಬಿಸಿ ತಂದ ನಮೂನೆಗಳಲ್ಲೆಲ್ಲ ಒಂದೇ ಉತ್ತರ: ಇಲ್ಲ. ಪಕ್ಕದಲ್ಲಿ ಅತ್ತೆ ಕುಳಿತಿರುವಾಗ ‘ಮದ್ಯ ಸೇವಿಸುತ್ತೀರಾ?’ ಎಂದರೆ ಯಾವ ಹೆಣ್ಣುಮಗಳು ಹೌದೆಂದಾಳು?

ಕೇಳುವ ಬಗೆಯನ್ನೇ ಬದಲಿಸಿದೆ. ತಾಯಿ ಕಾರ್ಡ್‌ನಲ್ಲಿ ಕೊನೆಯ ಮುಟ್ಟಿನ ದಿನಾಂಕ ನೋಡಿ, ಅಲ್ಲಿಂದ ಬಸಿರೆಂದು ತಿಳಿದ ದಿನದವರೆಗಿನ ವಾರಗಳನ್ನು ಒಂದೊಂದಾಗಿ ಹಿಡಿದೆ. ಊರಿಗೆ ಹೋದದ್ದು ಯಾವಾಗ, ಹಬ್ಬ ಯಾವಾಗ, ಬಟವಾಡೆ ಯಾವಾಗ? ಮಗುವಿನ ಅಂಗಾಂಗ ಮೂಡುವುದು ಹೆಚ್ಚಾಗಿ ಆ ವಾರಗಳಲ್ಲೇ.

ರಾಯಚೂರಿನ ಕಡೆಯ ಒಬ್ಬಾಕೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ‘ಇಟ್ಟಿಗೆ ಹೊತ್ತ ದಿನ ಮೈಕೈ ನೋವಿಗೆ ಏನು ಮಾಡುತ್ತಿದ್ದಿರಿ?’ ಎಂದೆ. ಮೊರದ ಮೇಲಿನ ಕೈ ನಿಂತಿತು. ‘ತೊಂಬತ್ತರ ಪ್ಯಾಕೆಟ್ ತರುತ್ತಿದ್ದರು. ಅರ್ಧ ಅವರಿಗೆ, ಅರ್ಧ ನನಗೆ. ಗೊತ್ತಾದ ದಿನವೇ ಬಿಟ್ಟೆ, ಅಕ್ಕ. ಮಗುವಿಗೆ ಏನಾದರೂ ಆಗಿರುತ್ತದೆಯೇ?’

30 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 90 ಎಂ.ಎಲ್. ಪ್ಯಾಕೆಟ್‌ನಲ್ಲಿ ಅರ್ಧ, ಅಂದರೆ 45 ಎಂ.ಎಲ್., ಆಕೆಯ ಪಾಲು: ಪ್ರತಿ ಸಲ ಸುಮಾರು 15 ಗ್ರಾಂ. ಹೆದರಿಸಲಿಲ್ಲ, ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆ ಇಲ್ಲ, ಆದರೆ ಕುಡಿದ ಪ್ರತಿ ತಾಯಿಯ ಮಗುವಿಗೂ ತೊಂದರೆಯಾಗುವುದಿಲ್ಲ, ಬಿಟ್ಟದ್ದು ಮಗುವಿಗೆ ಒಳ್ಳೆಯದೇ ಎಂದೆ. (ದಿನವೂ ಹೆಚ್ಚು ಕುಡಿಯುವವರಿಗೆ ಮಾತ್ರ ಒಮ್ಮೆಲೇ ಬಿಡಿ ಎನ್ನುವುದಿಲ್ಲ. ಫಿಟ್ಸ್ ಬರಬಹುದು, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಹೋಗಲು ಹೇಳುತ್ತೇನೆ.)

ಬಸಿರಿನಲ್ಲಿ ತಾಯಿ ಕುಡಿದ ಮದ್ಯದಿಂದ ಮಗುವಿಗಾಗುವ ತೀವ್ರ ತೊಂದರೆಗೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು 1973ರಲ್ಲಿ, ಅಮೆರಿಕದ ಸಿಯಾಟಲ್‌ನ ವೈದ್ಯರಾದ ಜೋನ್ಸ್ ಮತ್ತು ಸ್ಮಿತ್ ಅವರಿಂದ. ತೆಳುವಾದ ಮೇಲ್ತುಟಿ, ಮೂಗಿನ ಕೆಳಗೆ ಗೆರೆಯಿಲ್ಲದ ನುಣುಪು, ಕಿರಿದಾದ ಕಣ್ಣು ಅದರ ಮುಖಲಕ್ಷಣಗಳು. ಆದರೆ ಮದ್ಯದಿಂದ ಮಿದುಳಿಗೆ ಪೆಟ್ಟಾದ ಹೆಚ್ಚಿನ ಮಕ್ಕಳ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ. ನಿನ್ನೆ ಕಲಿತದ್ದನ್ನು ಇಂದು ಮರೆಯುವ ಆ ಮಗು ಶಾಲೆಯಲ್ಲಿ ದಡ್ಡ, ತುಂಟ ಎನಿಸಿಕೊಳ್ಳುತ್ತದೆ. ಆಗ ವೈದ್ಯರಿಗೆ ಸುಳಿವು ಸಿಗಬೇಕಾದದ್ದು ಬಸಿರಿನ ದಿನಗಳ ದಾಖಲೆಯಲ್ಲಿ.

ಎದ್ದು ಹೊರಟಾಗ ಆಕೆ ತಾಯಿ ಕಾರ್ಡನ್ನು ಸೆರಗಿನಡಿ ಸೇರಿಸಿಕೊಂಡಳು. ‘ಇದರಲ್ಲಿ ಬರೆಯಬೇಡಿ ಅಕ್ಕ, ಆಸ್ಪತ್ರೆಯಲ್ಲಿ ಬೈಯುತ್ತಾರೆ.’ ಬರೆಯಲಿಲ್ಲ. ಹೆಸರಿಲ್ಲದ ನನ್ನ ನಮೂನೆಯಲ್ಲಿ ಒಂದು ಸಂಖ್ಯೆಯ ಮುಂದೆ ಗುರುತು ಹಾಕಿಕೊಂಡೆ. ಆ ಮಾತು ಮಗುವಿನ ವೈದ್ಯರಿಗೆ, ತಾಯಿಗೆ ಬೈಗುಳ ತಪ್ಪಿಸಿ, ತಲುಪುವ ದಾರಿಯನ್ನು ಇನ್ನೂ ಹುಡುಕುತ್ತಿದ್ದೇನೆ.